ಮಾತಿಲ್ಲದೆಡೆಯಲ್ಲಿ ಮಾತಾಡಿದ ನಾದ: ಎಲ್. ವೈದ್ಯನಾಥನ್ ಅವರ ಸಂಗೀತ

ಸಾಹಿತ್ಯ ಸಮ್ಮಿಲನದ ಸ್ಮರಣ ಸಂಚಿಕೆಯಲ್ಲಿ ಚಲನಚಿತ್ರ ಸಂಗೀತಗಾರನೊಬ್ಬನಿಗೆ ಎಡೆಯುಂಟೇ ಎಂದು ಕೇಳುವವರು ಇರಬಹುದು. ಆ ಸಂಗೀತಗಾರ ಕನ್ನಡಿಗನೂ ಅಲ್ಲ, ತಮಿಳು ಮನೆತನದವನು ಎಂದರೆ ಪ್ರಶ್ನೆ ಇನ್ನಷ್ಟು ಬಲವಾದೀತು. ಆದರೆ ನಾವು ವಾಸಿಸುತ್ತಿರುವ ಸೀಮೆಯನ್ನು ಒಮ್ಮೆ ನೆನೆದರೆ ಈ ಪ್ರಶ್ನೆಗೆ ಉತ್ತರ ತಾನಾಗಿಯೇ ದೊರೆಯುತ್ತದೆ. ತಾಳವಾಡಿಯ ಈ ಬೆಟ್ಟದ ನೆಲದಲ್ಲಿ ಮನೆಯೊಳಗಿನ ಮಾತು ಕನ್ನಡ, ಕಚೇರಿಯ ಕಾಗದ ತಮಿಳು. ದಿಂಬದ ಇಪ್ಪತ್ತೇಳು ತಿರುವುಗಳನ್ನು ಇಳಿದರೆ ಒಂದು ಲೋಕ, ಚಾಮರಾಜನಗರದ ದಾರಿ ಹಿಡಿದರೆ ಇನ್ನೊಂದು. ದೀಪಾವಳಿಯ ಕೊನೆಗೆ ನಮ್ಮ ಗುಮಟಾಪುರದಲ್ಲಿ ಬೀರೇಶ್ವರನ ಸನ್ನಿಧಿಯಲ್ಲಿ ನಡೆಯುವ ಗೊರೆಹಬ್ಬಕ್ಕೆ ಎರಡೂ ರಾಜ್ಯಗಳ ಜನ ಬಂದು ಸೇರುತ್ತಾರೆ. ತಮಟೆಯ ಪೆಟ್ಟು ಕೇಳಿದವನನ್ನು ಯಾರೂ ನಿನ್ನ ಮಾತೃಭಾಷೆ ಯಾವುದೆಂದು ವಿಚಾರಿಸುವುದಿಲ್ಲ. ಇಂಥ ನೆಲದವರಾದ ನಮಗೆ, ತಮಿಳು ಮನೆಯಲ್ಲಿ ಹುಟ್ಟಿ ಕನ್ನಡದ ಕಥೆಗಳಿಗೆ ನಾದ ಕೊಟ್ಟ ಲಕ್ಷ್ಮೀನಾರಾಯಣ ವೈದ್ಯನಾಥನ್ ಅವರು ಹೊರಗಿನವರಾಗಿ ತೋರುವುದಿಲ್ಲ.

ಹೆಸರು ಹೇಳಿದರೆ ಗುರುತು ಹತ್ತದವರೂ ಅವರ ಒಂದು ರಾಗವನ್ನು ಬಲ್ಲರು. ದೂರದರ್ಶನದ ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಆರಂಭದಲ್ಲಿ ಕೇಳಿಬರುತ್ತಿದ್ದ ಆ ‘ತಾನನಾನ’ ಯಾರ ನಾಲಗೆಯ ಮೇಲೆ ಆಡಿಲ್ಲ? ಅದನ್ನು ಗುನುಗುವವರ ಸಂಖ್ಯೆ ದೊಡ್ಡದು. ಅದನ್ನು ಕಟ್ಟಿದವರಾರೆಂದು ಬಲ್ಲವರ ಸಂಖ್ಯೆ ಬಹು ಸಣ್ಣದು. ಈ ಅಂತರವೇ ನಮ್ಮನ್ನು ಲೇಖನಿ ಹಿಡಿಯುವಂತೆ ಮಾಡಿತು. ಆದರೆ ಕೇವಲ ಸ್ತುತಿ ನಮ್ಮ ಉದ್ದೇಶವಲ್ಲ. ಅವರ ಸಂಗೀತದ ಗುಣವೇನು, ಮಿತಿಯೇನು, ಗಡಿನಾಡಿನ ಕನ್ನಡಿಗರಾದ ನಾವು ಅದರಿಂದ ತಿಳಿಯಬೇಕಾದುದೇನು ಎಂಬುದನ್ನು ಯಥಾಮತಿ ವಿಮರ್ಶಿಸುವುದು ನಮ್ಮ ಆಶಯ.

ಮನೆತನ ಮತ್ತು ಮೊದಲ ಪಾಠ

ವೈದ್ಯನಾಥನ್ ಅವರು ಜನಿಸಿದ್ದು ೧೯೪೨ರ ಏಪ್ರಿಲ್ ೯ರಂದು. ತಂದೆ ವಿ. ಲಕ್ಷ್ಮೀನಾರಾಯಣ ಅವರು ಪಿಟೀಲು ವಿದ್ವಾಂಸರು, ತಾಯಿ ಸೀತಾಲಕ್ಷ್ಮಿಯವರೂ ಸಂಗೀತಜ್ಞೆ. ತಮ್ಮಂದಿರಾದ ಎಲ್. ಸುಬ್ರಹ್ಮಣ್ಯಂ ಮತ್ತು ಎಲ್. ಶಂಕರ್ ಇಬ್ಬರೂ ಪಿಟೀಲಿನಲ್ಲಿ ಜಗತ್ತಿನ ಹೆಸರು ಗಳಿಸಿದವರು. ಮೂವರು ಸಹೋದರರೂ ಒಂದೇ ವೇದಿಕೆಯಲ್ಲಿ ಕುಳಿತು ಪಿಟೀಲು ನುಡಿಸುತ್ತಿದ್ದ ಕಾಲವೊಂದಿತ್ತು. ತಮ್ಮಂದಿರು ಕಛೇರಿಯ ವೇದಿಕೆಯನ್ನೂ ಪರದೇಶದ ಸಭೆಗಳನ್ನೂ ಆರಿಸಿಕೊಂಡರೆ, ಹಿರಿಯರಾದ ವೈದ್ಯನಾಥನ್ ಚಲನಚಿತ್ರದ ಧ್ವನಿಮುದ್ರಣ ಶಾಲೆಯನ್ನು ಆರಿಸಿಕೊಂಡರು. ಅಲ್ಲಿ ಕಲಾವಿದನ ಮುಖ ಕಾಣದು, ಚಪ್ಪಾಳೆ ಕೇಳದು, ಕೆಲಸವೊಂದೇ ಉಳಿಯುವುದು.

ಈ ಮನೆತನದ ಇತಿಹಾಸದಲ್ಲಿ ನಾವು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ತಂದೆಯವರು ಸಿಂಹಳ ದ್ವೀಪದ ಜಾಫ್ನಾದಲ್ಲಿ ಸಂಗೀತ ಬೋಧಕರಾಗಿದ್ದರು. ೧೯೫೬ರಲ್ಲಿ ಆ ದ್ವೀಪದ ಸರಕಾರ ಒಂದೇ ಭಾಷೆಯನ್ನು ಆಡಳಿತ ಭಾಷೆಯೆಂದು ಸಾರುವ ಕಾಯಿದೆ ತಂದಿತು. ೧೯೫೮ರಲ್ಲಿ ಗಲಭೆಗಳು ನಡೆದವು. ಆ ಕುಟುಂಬ ಮದರಾಸಿಗೆ ಮರಳಿತು. ಅದೇ ೧೯೫೬ರಲ್ಲಿ ನಮ್ಮ ದೇಶದಲ್ಲಿ ಭಾಷಾವಾರು ಪ್ರಾಂತ್ಯ ರಚನೆಯಾಗಿ ಕೊಳ್ಳೇಗಾಲ ಮೈಸೂರು ರಾಜ್ಯವನ್ನು ಸೇರಿತು, ತಾಳವಾಡಿ ಮದರಾಸು ರಾಜ್ಯದಲ್ಲೇ ಉಳಿಯಿತು. ಎರಡು ಘಟನೆಗಳಿಗೂ ನೇರ ಸಂಬಂಧವಿಲ್ಲ. ಅಲ್ಲಿ ರಕ್ತ ಹರಿಯಿತು, ಇಲ್ಲಿ ಒಂದು ಗೆರೆ ಮಾತ್ರ ಎಳೆಯಲಾಯಿತು. ಆದರೂ ಭಾಷೆಯ ಕಾರಣದಿಂದ ಮನುಷ್ಯನ ನೆಲೆ ಹೇಗೆ ಬದಲಾಗಬಲ್ಲದೆಂಬುದನ್ನು ಬಲ್ಲ ಮನೆಯಿಂದ ಬಂದವರು ಈ ಸಂಗೀತಗಾರರೆಂಬುದು ನಮಗೆ ಮುಖ್ಯವೆನಿಸುತ್ತದೆ. ಭಾಷೆಯ ವಿಷಯದಲ್ಲಿ ಅವರ ಸಂಗೀತಕ್ಕಿರುವ ಮರ್ಯಾದೆ ನಮ್ಮ ಕಿವಿಗೆ ಆಕಸ್ಮಿಕವಾಗಿ ಕೇಳಿಸುವುದಿಲ್ಲ.

ಚಿತ್ರರಂಗದಲ್ಲಿ ಅವರು ಮೊದಲು ನಿಂತದ್ದು ಜಿ. ಕೆ. ವೆಂಕಟೇಶ್ ಅವರ ಸಹಾಯಕರಾಗಿ. ವೆಂಕಟೇಶ್ ಎಂದರೆ ನಮ್ಮ ಸೀಮೆಯವರ ಕಿವಿ ನಿಮಿರುವುದು ಸಹಜ. ನಮ್ಮ ದೊಡ್ಡಗಾಜನೂರಿನ ಮುತ್ತುರಾಜ, ಡಾ. ರಾಜಕುಮಾರ್ ಆಗಿ ನಾಡನ್ನೆಲ್ಲ ಗೆದ್ದ ಮೇಲೆ, ೧೯೭೪ರ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ಅವರ ಕಂಠವನ್ನು ಹಿನ್ನೆಲೆ ಗಾಯಕನ ಕಂಠವಾಗಿ ಜನರ ಮುಂದೆ ನಿಲ್ಲಿಸಿದವರು ವೆಂಕಟೇಶರೇ. ಇಳಯರಾಜಾ ಅವರೂ ಅದೇ ಗರಡಿಯಲ್ಲಿ ಪಳಗಿದವರು. ಅಂಥ ಪಾಠಶಾಲೆಯಲ್ಲಿ ವೈದ್ಯನಾಥನ್ ಅವರಿಗೆ ಕನ್ನಡದ ಉಚ್ಚಾರದ ಏರಿಳಿತವೂ, ವಾದ್ಯಗಳನ್ನು ಹೊಂದಿಸುವ ಲೆಕ್ಕಾಚಾರವೂ ಜೊತೆಯಾಗಿ ದೊರೆತಿರಬೇಕು.

ಮಾತಿನ ಜೊತೆಗೆ

೧೯೭೮ರಲ್ಲಿ ಕಾಶೀನಾಥ್ ಅವರು ನಿರ್ದೇಶಿಸಿದ ‘ಅಪರಿಚಿತ’ ವೈದ್ಯನಾಥನ್ ಅವರನ್ನು ಕನ್ನಡಿಗರ ಕಿವಿಗೆ ಪರಿಚಿತರನ್ನಾಗಿಸಿತು. ಭಯ ಮತ್ತು ಕುತೂಹಲವೇ ಪ್ರಧಾನವಾದ ಚಿತ್ರವದು. ಅದರಲ್ಲಿ ವಾಣಿ ಜಯರಾಂ ಅವರು ಹಾಡಿದ, ಸವಿನೆನಪುಗಳನ್ನು ಕುರಿತ ಗೀತೆ ಇಂದಿಗೂ ಆಕಾಶವಾಣಿಯ ಕೋರಿಕೆ ಕಾರ್ಯಕ್ರಮಗಳಿಗೆ ತಕ್ಕುದಾಗಿದೆ. ಆ ಗೀತೆಯ ಮಾತು ಸಿಹಿಯದು. ರಾಗದ ಹಾದಿಯಲ್ಲಿ ಮಾತ್ರ ಸಣ್ಣದೊಂದು ನಡುಕವಿದೆ. ಕೇಳುಗನಿಗೆ ಸಂತೋಷವಾಗುತ್ತದೆ, ಆದರೆ ನೆಮ್ಮದಿಯಾಗುವುದಿಲ್ಲ. ಪದ ಹೇಳದುದನ್ನು ಸ್ವರ ಹೇಳಬೇಕೆಂಬ ನಿಯಮವನ್ನು ಅವರು ಆಗಲೇ ಮನಗಂಡಿದ್ದರೆಂಬುದಕ್ಕೆ ಇದು ಸಾಕ್ಷಿ.

ಅನಂತರ ಬಂದುದು ಸಿ. ಅಶ್ವತ್ಥ್ ಅವರೊಡನೆ ಕೂಡಿ ನಡೆದ ಕಾಲ. ‘ಅಶ್ವತ್ಥ್-ವೈದಿ’ ಎಂಬ ಜೋಡಿ ಹೆಸರು ನಮ್ಮ ತಲೆಮಾರಿನವರಿಗೆ ಮರೆಯುವಂಥದಲ್ಲ. ‘ಏನೇ ಬರಲಿ ಪ್ರೀತಿ ಇರಲಿ’, ‘ನಾರದ ವಿಜಯ’, ‘ಆಲೆಮನೆ’, ‘ಅನುಪಮಾ’, ‘ಬಾಡದ ಹೂ’ ಮೊದಲಾದ ಚಿತ್ರಗಳು ಈ ಜೋಡಿಯವು. ‘ಆಲೆಮನೆ’ಗಾಗಿ ದೊಡ್ಡರಂಗೇಗೌಡರು ಬರೆದು ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರು ಹಾಡಿದ ಮಂದಾರ ಹೂವಿನ ಗೀತೆ, ‘ನಾರದ ವಿಜಯ’ದಲ್ಲಿ ಲೋಕದ ವಿಚಿತ್ರವನ್ನು ಕಂಡು ನಾರದ ಬೆರಗಾಗುವ, ಯೇಸುದಾಸ್ ಅವರ ಕಂಠದ ಗೀತೆ, ಇವು ಎಂಬತ್ತರ ದಶಕದ ಆರಂಭದ ಕನ್ನಡ ಮನೆಗಳ ಸೊತ್ತು.

ಅಶ್ವತ್ಥ್ ಅವರು ಭಾವಗೀತೆಯ ಮನುಷ್ಯರು. ಕವಿತೆಯ ಒಂದೊಂದು ಪದವನ್ನೂ ನಾಲಗೆಯ ಮೇಲಿಟ್ಟು ರುಚಿ ನೋಡದೆ ಸ್ವರಕ್ಕೆ ಇಳಿಸದವರು. ವೈದ್ಯನಾಥನ್ ಅವರು ವಾದ್ಯದ ಮನುಷ್ಯರು. ಈ ಜೋಡಿಯ ಗೀತೆಗಳನ್ನು ಮತ್ತೆ ಮತ್ತೆ ಕೇಳುವಾಗ ನಮಗೆ ತೋರುವುದು ಇಷ್ಟು: ಪಲ್ಲವಿಯಲ್ಲಿ ಮಾತು ಎಲ್ಲೂ ಮುರಿಯುವುದಿಲ್ಲ, ಒತ್ತು ಬೀಳಬೇಕಾದಲ್ಲೇ ಬೀಳುತ್ತದೆ, ಪಲ್ಲವಿಗೂ ಚರಣಕ್ಕೂ ನಡುವೆ ಬರುವ ವಾದ್ಯಭಾಗವೂ ತುಂಬಿಸಲೆಂದು ತುಂಬಿಸಿದ್ದಲ್ಲ, ಮುಂದಿನ ಚರಣಕ್ಕೆ ಅದು ಬಾಗಿಲು ತೆರೆಯುತ್ತದೆ. ಒಬ್ಬರು ಮಾತನ್ನು ಕಾದರು, ಇನ್ನೊಬ್ಬರು ಮಾತಿನ ನಡುವಣ ಮೌನವನ್ನು ಕಾದರು ಎಂದರೆ ತಪ್ಪಾಗಲಾರದು. ತನ್ನದಲ್ಲದ ಭಾಷೆಯ ಕಾವ್ಯವನ್ನು ಮುಟ್ಟುವಾಗ ಆ ಭಾಷೆಯಲ್ಲಿ ಬೇರುಳ್ಳವನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವುದು ವಿನಯ. ವಿನಯವಷ್ಟೇ ಅಲ್ಲ, ಅದು ವಿವೇಕವೂ ಹೌದು.

ಈ ವಿವೇಕಕ್ಕೆ ತಮಿಳಿನಲ್ಲಿ ಒಂದು ಪ್ರತಿರೂಪವಿದೆ. ಕೆ. ಹರಿಹರನ್ ಅವರು ನಿರ್ದೇಶಿಸಿದ ‘ಏಳಾವದು ಮನಿದನ್’ (೧೯೮೨) ಚಿತ್ರಕ್ಕೆ ವೈದ್ಯನಾಥನ್ ಅವರು ಸುಬ್ರಹ್ಮಣ್ಯ ಭಾರತಿಯವರ ಕವಿತೆಗಳಿಗೆ ರಾಗ ಹಾಕಿದರು. ಕಾರ್ಖಾನೆಯೊಂದರಿಂದ ಊರಿನ ಗಾಳಿ ನೀರು ಕೆಡುವ ಕಥೆಗೆ, ದಶಕಗಳ ಹಿಂದಿನ ಮಹಾಕವಿಯ ಮಾತನ್ನು ತಂದು ಜೋಡಿಸುವುದು ಸುಲಭವಲ್ಲ. ಅಲ್ಲಿ ಮಾತು ಅವರ ಮನೆಯದು. ಆದುದರಿಂದ ಒಂಟಿಯಾಗಿಯೇ ನಿಂತರು. ನಮ್ಮ ಮಕ್ಕಳು ಶಾಲೆಯಲ್ಲಿ ಭಾರತಿಯವರನ್ನು ಓದುತ್ತಾರೆ. ಮನೆಯಲ್ಲಿ ಬೇಂದ್ರೆ, ಕುವೆಂಪು ಹೆಸರು ಕೇಳುತ್ತಾರೆ. ಎರಡು ಕಾವ್ಯ ಪರಂಪರೆಗಳ ಕಡೆಗೂ ಸಮನಾಗಿ ಕಿವಿಗೊಡಲು ಸಾಧ್ಯವೆಂಬುದನ್ನು ಬಾಯಿಮಾತಿನಲ್ಲಿ ಹೇಳದೆ ಕೆಲಸದಲ್ಲಿ ತೋರಿಸಿದವರಿವರು.

ಮಾಲ್ಗುಡಿಯ ತಾನ

ಇನ್ನು ಆ ಪ್ರಸಿದ್ಧ ರಾಗಕ್ಕೆ ಬರೋಣ. ಆರ್. ಕೆ. ನಾರಾಯಣ್ ಅವರ ಕಥೆಗಳನ್ನು ಶಂಕರ್ ನಾಗ್ ಅವರು ಧಾರಾವಾಹಿಯಾಗಿಸಿದಾಗ, ಇಲ್ಲದ ಮಾಲ್ಗುಡಿ ಊರನ್ನು ಮಲೆನಾಡಿನ ಆಗುಂಬೆಯಲ್ಲಿ ನಿರ್ಮಿಸಿಕೊಂಡರು. ನಿರ್ಮಾಪಕರು ಟಿ. ಎಸ್. ನರಸಿಂಹನ್, ಶೀರ್ಷಿಕೆಯ ರೇಖಾಚಿತ್ರಗಳು ನಾರಾಯಣ್ ಅವರ ಸಹೋದರ ಆರ್. ಕೆ. ಲಕ್ಷ್ಮಣ್ ಅವರವು. ಸ್ವಾಮಿಯ ಪಾತ್ರದಲ್ಲಿ ಮಾಸ್ಟರ್ ಮಂಜುನಾಥ್, ತಂದೆಯಾಗಿ ಗಿರೀಶ್ ಕಾರ್ನಾಡ್, ತಾಯಿಯಾಗಿ ವೈಶಾಲಿ ಕಾಸರವಳ್ಳಿ. ೧೯೮೬ರಲ್ಲಿ ಪ್ರಸಾರ ಆರಂಭವಾಯಿತು. ಕಥೆ ಬರೆದವರು ಇಂಗ್ಲಿಷಿನಲ್ಲಿ, ನಟಿಸಿದವರು ಬಹುಪಾಲು ಕನ್ನಡಿಗರು, ಆಡಿದ ಮಾತು ಹಿಂದಿ ಮತ್ತು ಇಂಗ್ಲಿಷ್, ಸಂಗೀತ ಕೊಟ್ಟವರು ತಮಿಳು ಮನೆತನದವರು. ನಮ್ಮ ಬೆಟ್ಟದ ಹಳ್ಳಿಗಳಲ್ಲಿ ಆಗ ಊರಿಗೊಂದು ಪೆಟ್ಟಿಗೆಯಿದ್ದರೆ ಹೆಚ್ಚು. ಆಂಟೆನಾ ತಿರುಗಿಸಲು ಒಬ್ಬ ಹುಡುಗ ಮಾಡಿನ ಮೇಲೇ ಕೂರಬೇಕಿತ್ತು. ಹಿಂದಿ ಬಲ್ಲವರು ಬೆರಳೆಣಿಕೆಯವರು. ಆದರೂ ಆ ರಾಗ ಬಂದೊಡನೆ ಅಂಗಳದವರು ಒಳಗೆ ಬಂದು ಕುಳಿತರು. ಅರ್ಥವಾಗದ ಮಾತಿನ ಮುಂದೆ ಅರ್ಥವಾಗುವ ನಾದವೊಂದು ಮಣೆ ಹಾಕಿ ಕರೆಯಿತು.

ಆ ನಾದದಲ್ಲಿ ಅಂಥದೇನಿದೆ? ಅದರಲ್ಲಿ ಪದಗಳಿಲ್ಲ, ಬರಿಯ ‘ತ’ಕಾರ ‘ನ’ಕಾರಗಳು. ಈ ಅಕ್ಷರಗಳಿಗೆ ನಮ್ಮ ನಾಡಿನಲ್ಲಿ ಎರಡು ಮನೆಗಳಿವೆ. ಒಂದು ವಿದ್ವಾಂಸರದು: ಕರ್ನಾಟಕ ಸಂಗೀತದಲ್ಲಿ ರಾಗ-ತಾನ-ಪಲ್ಲವಿ ಹಾಡುವಾಗ ರಾಗಾಲಾಪನೆಯ ಬಳಿಕ ಬರುವ ‘ತಾನಂ’. ಅದು ಶಾಸ್ತ್ರದ ಬಿಗಿಯುಳ್ಳದ್ದು; ಅದಕ್ಕೆ ತಾಳದ ಕಟ್ಟಿಲ್ಲದಿದ್ದರೂ ಒಳಗೊಂದು ನಡಿಗೆಯಿದೆ. ಇನ್ನೊಂದು ಜನಪದರದು: ನಮ್ಮ ಮಾದಪ್ಪನ ಕಂಸಾಳೆಯವರು, ಮಂಟೇಸ್ವಾಮಿಯ ನೀಲಗಾರರು ಕಥೆಯ ನಡುನಡುವೆ ಉಸಿರು ಹಿಡಿಯಲು ಎಳೆಯುವ ‘ತಂದನಾನ’. ಮೊದಲನೆಯದನ್ನು ಕೇಳಲು ಸಂಸ್ಕಾರ ಬೇಕು. ಎರಡನೆಯದನ್ನು ಕೇಳಲು ಮನಸ್ಸೊಂದಿದ್ದರೆ ಸಾಕು. ವೈದ್ಯನಾಥನ್ ಅವರ ರಾಗ ಈ ಎರಡು ಮನೆಗಳ ನಡುವಣ ಓಣಿಯಲ್ಲಿ ಆಡುವ ಮಗುವಿನಂತಿದೆ. ಪಂಡಿತರ ಮನೆಯ ಮಗುವೇ, ಆದರೆ ಬರಿಗಾಲಿನಲ್ಲಿದೆ. ಅದನ್ನು ಕಟ್ಟಿದವರು ಆರು ಕಾಲ ಅಭ್ಯಾಸ ಮಾಡಿದ ಮನೆತನದವರೆಂಬುದು ಕೇಳುಗನಿಗೆ ಹೊಳೆಯುವುದೇ ಇಲ್ಲ. ವಿದ್ವತ್ತನ್ನು ಬಚ್ಚಿಡುವುದೇ ವಿದ್ವತ್ತಿನ ಕೊನೆಯ ಪರೀಕ್ಷೆ. ಅದರಲ್ಲಿ ಅವರು ಉತ್ತೀರ್ಣರು.

ಆದರೆ ಆ ರಾಗಕ್ಕೆ ಬಂದೊದಗಿದ ಗತಿಯನ್ನೂ ಹೇಳಬೇಕು. ಇಂದು ಅದು ದೂರವಾಣಿಯ ಕರೆಗಂಟೆಯಾಗಿದೆ. ಹಳೆಯ ಮನೆ, ಹಳೆಯ ಓಣಿ ಎಂದು ಏನನ್ನು ತೋರಿಸಬೇಕಾದರೂ ಅದನ್ನೇ ಅಂಟಿಸುತ್ತಾರೆ. ‘ಆ ಕಾಲ ಎಷ್ಟು ಚೆನ್ನಾಗಿತ್ತು’ ಎಂಬ ನಿಟ್ಟುಸಿರಿನ ಮುದ್ರೆಯಾಗಿ ಅದು ಸವೆಯುತ್ತಿದೆ. ಮಾಲ್ಗುಡಿಯ ಕಥೆಗಳು ಬರಿಯ ಸಿಹಿಯಲ್ಲ. ಅಲ್ಲಿ ಬಡತನವಿದೆ, ವಂಚನೆಯಿದೆ, ಸ್ವಾಮಿಯ ಅಂಗೈ ಕಾಯುತ್ತಿರುವ ಮುಖ್ಯೋಪಾಧ್ಯಾಯರ ಬೆತ್ತವೂ ಇದೆ. ಅದೇ ವೃತ್ತಿಯಲ್ಲಿ ಆಯುಷ್ಯ ಸವೆಸಿದ ನಾವು ಆ ಬೆತ್ತವನ್ನು ಕಂಡಾಗಲೆಲ್ಲ ಕುರ್ಚಿಯಲ್ಲಿ ಸ್ವಲ್ಪ ಸರಿದು ಕೂರುವುದುಂಟು. ರಾಗವನ್ನು ಗಮನವಿಟ್ಟು ಕೇಳಿದರೆ ಅದರ ಆಟದ ಅಡಿಯಲ್ಲಿ ಒಂದು ಒಂಟಿತನವೂ ಕೇಳುತ್ತದೆ: ಆಟ ಮುಗಿದು ಸಂಜೆಯಾಗಿ ಒಬ್ಬನೇ ಮನೆಗೆ ಹೊರಟ ಹುಡುಗನ ಗುನುಗು. ಆ ಒಂಟಿತನವನ್ನು ಬಿಟ್ಟು ಸಿಹಿಯನ್ನಷ್ಟೇ ಉಳಿಸಿಕೊಳ್ಳುವುದು ಆ ಕೃತಿಗೆ ಮಾಡುವ ಅನ್ಯಾಯ. ಶಂಕರ್ ನಾಗ್ ಅವರು ೧೯೯೦ರಲ್ಲಿ ಅಪಘಾತದಲ್ಲಿ ತೀರಿಕೊಂಡರು. ೨೦೦೬ರಲ್ಲಿ ಕವಿತಾ ಲಂಕೇಶ್ ಅವರ ನಿರ್ದೇಶನದಲ್ಲಿ ಧಾರಾವಾಹಿ ಮತ್ತೆ ಬಂತು. ರಾಗ ಮಾತ್ರ ಎಲ್ಲಿಯೂ ಹೋಗಿರಲೇ ಇಲ್ಲ.

ಮೌನದ ಚಿತ್ರ, ಮೌನಿಯ ಚಿತ್ರ

೧೯೮೬ ಮತ್ತು ೧೯೮೭ ವೈದ್ಯನಾಥನ್ ಅವರ ಜೀವನದ ಫಲಕಾಲ. ಮಾಲ್ಗುಡಿಯ ಜೊತೆಜೊತೆಗೇ ಗಿರೀಶ್ ಕಾಸರವಳ್ಳಿಯವರ ‘ತಬರನ ಕಥೆ’, ಸಿಂಗೀತಂ ಶ್ರೀನಿವಾಸರಾಯರ ‘ಪುಷ್ಪಕ ವಿಮಾನ’, ಶಂಕರ್ ನಾಗ್ ಅವರ ‘ಒಂದು ಮುತ್ತಿನ ಕಥೆ’ ಬಂದವು. ಇಷ್ಟು ಬಗೆಬಗೆಯ ಕೆಲಸಗಳು ಇಷ್ಟು ಹತ್ತಿರದಲ್ಲಿ ಒಬ್ಬನ ಕೈಯಿಂದ ಹೊರಬಂದುದು ಕನ್ನಡ ಚಿತ್ರಸಂಗೀತದಲ್ಲಿ ಸಾಮಾನ್ಯ ಸಂಗತಿಯಲ್ಲ.

‘ಪುಷ್ಪಕ ವಿಮಾನ’ದಲ್ಲಿ ಸಂಭಾಷಣೆಯೇ ಇಲ್ಲ. ಶೃಂಗಾರ್ ನಾಗರಾಜ್ ಅವರ ನಿರ್ಮಾಣದ ಈ ಚಿತ್ರದಲ್ಲಿ ಬೆಂಗಳೂರಿನ ನಿರುದ್ಯೋಗಿ ಯುವಕನಾಗಿ ಕಮಲ್ ಹಾಸನ್ ನಟಿಸಿದರು. ಪ್ರಮಾಣಪತ್ರದಲ್ಲಿ ಅದು ಕನ್ನಡ ಚಿತ್ರ. ನೋಟದಲ್ಲಿ ಎಲ್ಲ ಭಾಷೆಯವರ ಚಿತ್ರ. ತಮಿಳು ನಾಡಿನಲ್ಲಿ ಅದಕ್ಕೆ ‘ಪೇಸುಂ ಪಡಂ’ ಎಂದು ಹೆಸರಿಟ್ಟರು: ಮಾತಾಡುವ ಚಿತ್ರ! ಮಾತಿಲ್ಲದ ಚಿತ್ರವನ್ನು ಮಾತಾಡುವ ಚಿತ್ರವೆಂದು ಕರೆಯುವ ಧೈರ್ಯಕ್ಕೆ ಅರ್ಧ ಕಾರಣ ನಟರು, ಉಳಿದರ್ಧ ಕಾರಣ ಸಂಗೀತ ಎಂದು ನಮ್ಮ ಎಣಿಕೆ.

ಮಾತಿಲ್ಲದ ಚಿತ್ರದಲ್ಲಿ ಸಂಗೀತಗಾರನಿಗೆ ಎರಡು ಪ್ರಲೋಭನೆಗಳುಂಟು. ಮೊದಲನೆಯದು ಬಿಟ್ಟೂ ಬಿಡದೆ ನುಡಿಸುವುದು. ಎರಡನೆಯದು ನಟನ ಒಂದೊಂದು ಚೇಷ್ಟೆಗೂ ಒಂದೊಂದು ಸದ್ದು ಕೊಟ್ಟು ಸರ್ಕಸ್ಸಿನ ವಿದೂಷಕನ ಹಿಂದಿನ ಬ್ಯಾಂಡಿನಂತಾಗುವುದು. ಈ ಚಿತ್ರದ ಸಂಗೀತ ಬಹುಮಟ್ಟಿಗೆ ಎರಡನ್ನೂ ಗೆದ್ದಿದೆ. ಬೀದಿಯ ಗದ್ದಲ, ಪಕ್ಕದ ಚಿತ್ರಮಂದಿರದ ಹೊಡೆದಾಟದ ಸದ್ದು, ಬಾಗಿಲಿನ ಸದ್ದು, ಇವೆಲ್ಲಕ್ಕೂ ಎಡೆ ಬಿಟ್ಟು ತಾನು ಹಿಂದೆ ಸರಿದು ನಿಲ್ಲುವ ಸಂಗೀತವದು. ಬಡಯುವಕ ಐಷಾರಾಮಿ ಹೋಟೆಲಿನ ಮೆತ್ತನೆಯ ಹಾಸಿಗೆಯಲ್ಲಿ ನಿದ್ದೆ ಬಾರದೆ ಹೊರಳಾಡುವನು. ತನ್ನ ಹಳೆಯ ಕೋಣೆಯ ಗದ್ದಲವನ್ನು ಧ್ವನಿಮುದ್ರಿಸಿ ತಂದು ಹಾಕಿಕೊಂಡ ಮೇಲೆ ಸುಖವಾಗಿ ನಿದ್ರಿಸುವನು. ಮನುಷ್ಯನಿಗೆ ಮನೆಯೆಂದರೆ ಗೋಡೆಯಲ್ಲ, ಸದ್ದು ಎಂಬ ಮಾತನ್ನು ಯಾವ ಪದವೂ ಇಲ್ಲದೆ ಹೇಳಿದ ಸನ್ನಿವೇಶವದು. ಉದ್ಯೋಗ ಅರಸಿ ತಿರುಪ್ಪೂರು, ಕೊಯಮತ್ತೂರು, ಬೆಂಗಳೂರು ಸೇರಿರುವ ನಮ್ಮ ಊರಿನ ಮಕ್ಕಳಿಗೆ ಇದರ ಅರ್ಥ ವಿವರಿಸಿ ಹೇಳಬೇಕಾಗಿಲ್ಲ. ಆ ಸನ್ನಿವೇಶದಲ್ಲಿ ಸಂಗೀತಗಾರನು ಮಾಡಿದ ದೊಡ್ಡ ಕೆಲಸವೆಂದರೆ ಗದ್ದಲವನ್ನೇ ಜೋಗುಳವಾಗಲು ಬಿಟ್ಟದ್ದು. ಚಿತ್ರಕ್ಕೆ ಆರೋಗ್ಯಕರ ಮನರಂಜನೆ ನೀಡಿದ ಜನಪ್ರಿಯ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂದಿತು.

‘ತಬರನ ಕಥೆ’ ಬೇರೊಂದು ಬಗೆಯ ಮೌನದ್ದು. ಪೂರ್ಣಚಂದ್ರ ತೇಜಸ್ವಿಯವರ ಕಥೆ. ನಿವೃತ್ತ ಜವಾನ ತಬರ ತನ್ನ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಮನೆಯಲ್ಲಿ ಹೆಂಡತಿಯ ಕಾಲು ಕೊಳೆಯುತ್ತಿದೆ. ಹಣ ಕೈಗೆ ಬರುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಇದು ಅತ್ಯುತ್ತಮ ಚಿತ್ರಕ್ಕಾಗಿ ಸ್ವರ್ಣಕಮಲ ಪಡೆದ ಕೃತಿ. ತಬರನಾಗಿ ನಟಿಸಿದ ಚಾರುಹಾಸನ್ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ ಸಂದಿತು. ಚಾರುಹಾಸನ್ ಅವರೂ ತಮಿಳಿನವರೇ. ಮಲೆನಾಡಿನ ಅಪ್ಪಟ ಕನ್ನಡ ಕಥೆಯೊಂದಕ್ಕೆ ಮುಖ ಕೊಟ್ಟವರೂ ನಾದ ಕೊಟ್ಟವರೂ ತಮಿಳು ಮನೆಯವರೆಂಬುದನ್ನು, ಭಾಷೆಗಳನ್ನು ಜಗಳಕ್ಕೆ ಹಚ್ಚುವವರು ಸ್ವಲ್ಪ ಯೋಚಿಸಬೇಕು.

ಇಂಥ ಕಥೆಯಲ್ಲಿ ಅಳಿಸುವುದು ಸುಲಭ. ಪಿಟೀಲಿನ ತಂತಿಯ ಮೇಲೆ ಹುಟ್ಟಿಬೆಳೆದ ಸಂಗೀತಗಾರನಿಗಂತೂ ಬಲು ಸುಲಭ. ಆದರೆ ಚಿತ್ರದಲ್ಲಿ ಕಣ್ಣೀರನ್ನು ಹಿಂಡಿ ತೆಗೆಯಲು ಸಂಗೀತ ಎಂದೂ ಮುಂದಾಗುವುದಿಲ್ಲ. ತಬರನ ಹೆಜ್ಜೆಗಳ ಆಯಾಸವನ್ನು ಅದು ದೂರದಿಂದ ನೋಡುತ್ತದೆ. ನೋಡುಗನಿಗೆ ಬರುವುದು ಅಳುವಲ್ಲ, ಲಜ್ಜೆ. ನಿವೃತ್ತರಾದ ನಮ್ಮಂಥವರು ಕಚೇರಿಯ ಕಿಟಕಿಗಳ ಮುಂದೆ ಹಿಡಿದು ನಿಂತ ಕಾಗದಗಳ ನೆನಪಿನಿಂದ ಈ ಚಿತ್ರವನ್ನು ನೋಡುತ್ತೇವೆ. ಆದುದರಿಂದ ಹೇಳಬಲ್ಲೆವು, ಆ ಹೊತ್ತಿನಲ್ಲಿ ಮನಸ್ಸಿನೊಳಗೆ ಪಿಟೀಲು ಅಳುವುದಿಲ್ಲ. ಅಲ್ಲಿರುವುದು ಒಂದು ಬರಡು ಸದ್ದು ಮಾತ್ರ. ಆ ಬರಡುತನವನ್ನು ಸಂಗೀತಗಾರನು ಗೌರವಿಸಿದನು. ಬಾಲು ಮಹೇಂದ್ರ ಅವರ ತಮಿಳು ಚಿತ್ರ ‘ಸಂಧ್ಯಾರಾಗಂ’ನಲ್ಲೂ (೧೯೮೯) ಮುದುಕನೊಬ್ಬನ ಒಂಟಿತನಕ್ಕೆ ಅವರು ಇದೇ ಮಿತವ್ಯಯದಿಂದ ನಾದ ಒದಗಿಸಿದರು.

ಮಿತಿಗಳು

ಎಲ್ಲ ಕೆಲಸವೂ ಒಂದೇ ಎತ್ತರದ್ದೆಂದು ಹೇಳಿದರೆ ಅದು ವಿಮರ್ಶೆಯಾಗದು. ‘ಒಂದು ಮುತ್ತಿನ ಕಥೆ’ಯನ್ನು ತೆಗೆದುಕೊಳ್ಳೋಣ. ಅಮೆರಿಕದ ಜಾನ್ ಸ್ಟೈನ್‌ಬೆಕ್ ಅವರ ‘ದಿ ಪರ್ಲ್’ ಕಾದಂಬರಿಯ ಆಧಾರದ ಮೇಲೆ ಮುತ್ತು ತೆಗೆಯುವ ಬಡವನ ಪಾತ್ರದಲ್ಲಿ ನಮ್ಮ ಅಣ್ಣಾವ್ರನ್ನು ನಿಲ್ಲಿಸಿದ ಪ್ರಯೋಗವದು. ಗಾಜನೂರಿನ ಕಂಠವೂ ಮಾಲ್ಗುಡಿಯ ರಾಗವೂ ಒಂದೆಡೆ ಸೇರಿದ ಈ ಚಿತ್ರದ ಮೇಲೆ ನಮಗೆ ವಿಶೇಷ ಮಮತೆಯಿರಬೇಕಾದುದು ನ್ಯಾಯ. ಆದರೂ ಹೇಳಬೇಕು: ಚಿತ್ರ ಎರಡು ದೋಣಿಗಳಲ್ಲಿ ಕಾಲಿಟ್ಟಿದೆ, ಸಂಗೀತವೂ ಹಾಗೆಯೇ. ಕಡಲನ್ನೂ ಲೋಭವನ್ನೂ ಕುರಿತ ಹಿನ್ನೆಲೆ ಸಂಗೀತದಲ್ಲಿ ವೈದ್ಯನಾಥನ್ ತಮ್ಮ ಮನೆಯಲ್ಲಿದ್ದಾರೆ. ತಾರಾನಟನ ಚಿತ್ರಕ್ಕೆ ಬೇಕೇಬೇಕೆಂದು ಬಂದ ಹಾಡುಗಳಲ್ಲಿ ಅತಿಥಿಯಂತಿದ್ದಾರೆ. ಅಭಿಮಾನಿಗಳು ಈ ಚಿತ್ರವನ್ನು ಅಣ್ಣಾವ್ರ ಇತರ ಚಿತ್ರಗಳಂತೆ ಹೊತ್ತು ಮೆರೆಸಲಿಲ್ಲ. ಹಾಡುಗಳೂ ‘ಆಲೆಮನೆ’ಯ ಹಾಡಿನಂತೆ ನಾಲಗೆಯಲ್ಲಿ ಉಳಿಯಲಿಲ್ಲ.

ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಕಥೆ ಮೌನವನ್ನು ಬೇಡಿದಾಗ ವೈದ್ಯನಾಥನ್ ಅವರಿಗೆ ಸಮಾನರು ವಿರಳ. ಸಂತೆಯ ಮಧ್ಯೆ ಕೂಗಿ ಕರೆಯಬೇಕಾದಾಗ ಅವರ ದನಿ ಮೆತ್ತಗಾಗುತ್ತದೆ. ಒಂಟಿಯಾಗಿ ಹಾಡು ಕಟ್ಟಿದಾಗಿಗಿಂತ ಅಶ್ವತ್ಥ್ ಅವರೊಡನೆ ಕೂಡಿದಾಗ ಕನ್ನಡದ ಮಾತಿಗೆ ಹೆಚ್ಚು ಕಸುವು ಬರುತ್ತದೆ. ಇದನ್ನು ಕೊರತೆ ಎನ್ನಬಹುದು, ಸ್ವಭಾವ ಎನ್ನಲೂಬಹುದು. ಜೋರು ದನಿಯನ್ನೇ ಸಾಧನೆಯೆಂದು ಎಣಿಸುವ ಕಾಲದಲ್ಲಿ ಅವರ ಹೆಸರು ಹಿಂದೆ ಉಳಿದುದಕ್ಕೆ ಈ ಸ್ವಭಾವವೂ ಒಂದು ಕಾರಣ. ೨೦೦೭ರ ಮೇ ೧೯ರಂದು ಅವರು ಚೆನ್ನೈಯಲ್ಲಿ ನಿಧನರಾದರು. ಅದಕ್ಕೆ ಹಿಂದಿನ ವರ್ಷ ಏಪ್ರಿಲ್ ೧೨ರಂದು ರಾಜಕುಮಾರ್ ಅಗಲಿದಾಗ ನಮ್ಮ ಬೆಟ್ಟದ ಊರುಗಳಲ್ಲಿ ಒಲೆ ಹೊತ್ತಿರಲಿಲ್ಲ. ವೈದ್ಯನಾಥನ್ ಅಗಲಿದ ಸುದ್ದಿ ನಮ್ಮಲ್ಲಿ ಎಷ್ಟು ಮನೆಗಳನ್ನು ಮುಟ್ಟಿತೋ! ೨೦೦೯ರ ಡಿಸೆಂಬರ್ ೨೯ರಂದು ಅಶ್ವತ್ಥ್ ಅವರೂ ಹೊರಟುಹೋದರು. ಜೋಡಿಯ ಎರಡು ದೀಪಗಳೂ ಆರಿದವು.

ನಮಗೇನು?

ಈ ವಿಮರ್ಶೆಯ ಕೊನೆಗೆ ಒಂದು ಸಂಗತಿಯನ್ನು ನೇರವಾಗಿ ಹೇಳಬೇಕೆಂದಿದ್ದೇವೆ. ಮಾಲ್ಗುಡಿಯ ತಾನವನ್ನೂ ಪುಷ್ಪಕದ ಮೌನವನ್ನೂ ಹೊಗಳಿ, ‘ಸಂಗೀತಕ್ಕೆ ಭಾಷೆಯ ಹಂಗಿಲ್ಲ, ಆದುದರಿಂದ ಭಾಷೆಯ ಚಿಂತೆ ನಮಗೇಕೆ’ ಎಂದು ಮುಗಿಸುವುದು ಸುಲಭ. ಸಭೆಗಳಲ್ಲಿ ಹಾಗೆ ಹೇಳಿ ಚಪ್ಪಾಳೆ ಪಡೆಯುವವರನ್ನು ನಾವು ಕಂಡಿದ್ದೇವೆ. ವೈದ್ಯನಾಥನ್ ಅವರ ಕೆಲಸವನ್ನು ಪೂರ್ತಿಯಾಗಿ ನೋಡಿದರೆ ಈ ತೀರ್ಮಾನ ನಿಲ್ಲುವುದಿಲ್ಲ. ನಾದ ಗಡಿಯನ್ನು ತಾನಾಗಿಯೇ ದಾಟುತ್ತದೆ, ನಿಜ. ಮಾತು ಹಾಗಲ್ಲ, ಅದನ್ನು ಯಾರಾದರೂ ಹೆಗಲ ಮೇಲೆ ಹೊತ್ತು ದಾಟಿಸಬೇಕು. ಅದನ್ನು ಬಲ್ಲವರಾದುದರಿಂದಲೇ ಅವರು ಕನ್ನಡದ ಗೀತೆಗೆ ಅಶ್ವತ್ಥ್ ಅವರ ಕೈ ಹಿಡಿದರು, ತಮಿಳಿನಲ್ಲಿ ಭಾರತಿಯವರ ಪದಕ್ಕೆ ತಲೆಬಾಗಿದರು. ಮಾತಿಲ್ಲದೆಡೆಯಲ್ಲಿ ಅವರು ಅಷ್ಟು ಚೆನ್ನಾಗಿ ಮಾತಾಡಬಲ್ಲವರಾದುದು ಮಾತಿನ ಬೆಲೆ ಬಲ್ಲವರಾದುದರಿಂದ.

ನಮ್ಮ ಮಕ್ಕಳ ಸ್ಥಿತಿಯನ್ನು ನೋಡೋಣ. ೨೦೦೬ರ ಕಾಯಿದೆಯ ಬಳಿಕ ಈ ರಾಜ್ಯದ ಶಾಲೆಗಳಲ್ಲಿ ತಮಿಳು ಕಡ್ಡಾಯ. ತಮಿಳು ಕಲಿಯಬಾರದೆನ್ನುವವರು ನಾವಲ್ಲ; ಅನ್ನದ ಭಾಷೆಯನ್ನು, ನೆರೆಯವರ ಭಾಷೆಯನ್ನು, ಅಷ್ಟು ಹಳೆಯ ಕಾವ್ಯವುಳ್ಳ ಭಾಷೆಯನ್ನು ಕಲಿಯದಿರುವುದು ನಷ್ಟವೇ. ಆದರೆ ಕನ್ನಡವನ್ನು ಆಡಬಲ್ಲ, ಓದಲಾರದ ತಲೆಮಾರೊಂದು ನಮ್ಮ ಕಣ್ಣೆದುರಿಗೇ ಬೆಳೆಯುತ್ತಿದೆ. ಅವರಿಗೆ ಕನ್ನಡದ ಹಾಡುಗಳೆಲ್ಲ ಗೊತ್ತು. ಅವರ ದೂರವಾಣಿಯ ತುಂಬ ಅವೇ ಇವೆ. ಹಾಡು ಬರೆದ ಕವಿಯ ಪುಸ್ತಕವನ್ನು ಕೈಗೆ ಕೊಟ್ಟರೆ ಅಕ್ಷರ ಕೂಡಿಸಲು ತಡವರಿಸುತ್ತಾರೆ. ರಾಗ ಉಳಿದು ಮಾತು ಜಾರುತ್ತಿರುವ ಹೊತ್ತು ಇದು. ಇನ್ನೊಂದು ತಲೆಮಾರು ಕಳೆದರೆ ನಮ್ಮ ಕನ್ನಡವೂ ಒಂದು ‘ತಾನನಾನ’ವಾಗಿ ಉಳಿದೀತು: ಕೇಳಲು ಇಂಪು, ಅರ್ಥ ಕೇಳಬಾರದು.

ಆದುದರಿಂದ ಸಂಘದ ಮುಂದೆ ಎರಡು ಸಣ್ಣ ಕೆಲಸಗಳನ್ನು ಇಡುತ್ತೇವೆ. ನಮ್ಮ ಸೀಮೆಯಲ್ಲಿ ಮಾದಪ್ಪನ, ಮಂಟೇಸ್ವಾಮಿಯ ಕಥೆ ಹಾಡುವ ಹಿರಿಯರು ಇನ್ನೂ ಇದ್ದಾರೆ. ಅವರ ಹಾಡನ್ನು ಧ್ವನಿಮುದ್ರಿಸಿದರೆ ಸಾಲದು. ಮಕ್ಕಳ ಕೈಯಲ್ಲಿ ಕನ್ನಡ ಅಕ್ಷರಗಳಲ್ಲಿ ಬರೆಯಿಸಬೇಕು. ಹಾಡಿನ ಸೆಳೆತದಿಂದ ಅಕ್ಷರ ಬರುತ್ತದೆ. ಶಿಕ್ಷಕ ವೃತ್ತಿಯ ಅನುಭವದಿಂದ ಈ ಮಾತನ್ನು ಧೈರ್ಯವಾಗಿ ಹೇಳಬಲ್ಲೆವು. ಎರಡನೆಯದಾಗಿ, ವರ್ಷಕ್ಕೊಂದು ಸಂಜೆ ‘ತಬರನ ಕಥೆ’ಯನ್ನೋ ‘ಪುಷ್ಪಕ ವಿಮಾನ’ವನ್ನೋ ತೋರಿಸಿ, ತಮಿಳು ನೆರೆಯವರನ್ನೂ ಕರೆದು ಕೂರಿಸಿ, ಚಿತ್ರ ಮುಗಿದ ಮೇಲೆ ತೇಜಸ್ವಿಯವರ ಕಥೆಯನ್ನು ಗಟ್ಟಿಯಾಗಿ ಓದಬೇಕು. ನಾದ ಕರೆತಂದವರನ್ನು ಮಾತು ಉಳಿಸಿಕೊಳ್ಳಲಿ.

ಪಿಟೀಲಿನ ಮನೆಯಲ್ಲಿ ಹುಟ್ಟಿ, ವೇದಿಕೆಯ ಬೆಳಕನ್ನು ತಮ್ಮಂದಿರಿಗೆ ಬಿಟ್ಟು, ತೆರೆಯ ಹಿಂದೆ ನಿಂತು ಎರಡು ಭಾಷೆಗಳ ಬಡವರ, ಮುದುಕರ, ಮಕ್ಕಳ ಕಥೆಗಳಿಗೆ ನಾದ ಒದಗಿಸಿದ ವೈದ್ಯನಾಥನ್ ಅವರಿಗೆ ಈ ಗಡಿನಾಡಿನ ಕನ್ನಡಿಗರ ಋಣ ಸಂದಿಲ್ಲ. ಅವರ ಹೆಸರನ್ನು ನಮ್ಮ ಮಕ್ಕಳು ಕನ್ನಡದಲ್ಲೂ ತಮಿಳಿನಲ್ಲೂ ತಪ್ಪಿಲ್ಲದೆ ಬರೆಯಬಲ್ಲ ದಿನ ಆ ಋಣದ ಒಂದು ಪಾಲು ತೀರಿತೆಂದು ನಾವು ಭಾವಿಸುತ್ತೇವೆ.